ಮೊದಲ ವಾರದ ಬಿಗಿತ

ಕನಕಪುರದಿಂದ ಮಾಗಡಿಗೆ ಹೋಗಲು ನಾನು ರಾಮನಗರದಲ್ಲಿ ಇಳಿದು ಬಸ್ಸು ಬದಲಿಸುತ್ತೇನೆ. ಹೋದ ತಿಂಗಳು ಚಿಕ್ಕಪ್ಪನ ಮಗಳ ಸೀಮಂತಕ್ಕೆಂದು ಹೊರಟವಳು ಹಾಗೆ ಇಳಿದು ನಿಂತಿದ್ದೆ. ಮಾಗಡಿ ಬಸ್ಸು ಬಂದಿರಲಿಲ್ಲ. ಗಾಳಿ ತಿರುಗಿತು, ರೇಷ್ಮೆ ಗೂಡು ಬೇಯಿಸುವ ವಾಸನೆ ಬಂತು. ಪಕ್ಕದಲ್ಲಿದ್ದವರು ಮೂಗಿಗೆ ಕರ್ಚೀಫು ಹಿಡಿದರು. ಬಿಸಿನೀರಿನಲ್ಲಿ ಸತ್ತ ಹುಳದ ವಾಸನೆ, ಒದ್ದೆ ನೂಲಿನ ವಾಸನೆ, ಸೌದೆ ಹೊಗೆ, ಮೂರೂ ಸೇರಿ ಬಟ್ಟೆಗೆ ಹತ್ತಿದರೆ ಎರಡು ಒಗೆತಕ್ಕೂ ಬಿಡುವುದಿಲ್ಲ. ನನಗೆ ಅದರ ಜೊತೆಗೆ ಇನ್ನೊಂದೂ ಬಂದಂತಾಯಿತು, ಸ್ಕ್ಯಾನಿಂಗ್ ಜೆಲ್ಲಿನದು. ಜೆಲ್ಲಿಗೆ ಅಂಥ ವಾಸನೆ ಏನಿಲ್ಲ ಎನ್ನುತ್ತಾರೆ. ಒಂದು ಬೇಸಿಗೆ ಪೂರ್ತಿ ಕೈಗೆ ಮೆತ್ತಿಕೊಂಡವಳಿಗೆ ಇದೆ.

ನಾನು ಸಾತನೂರಿನ ಕಡೆಯವಳು. ಅಪ್ಪ ಮೂರನೇ ಕ್ಲಾಸಿಗೆ ಬಿಟ್ಟವರು, ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಎರಡೂ ಕಡೆಯ ಬಳಗದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೆಳಿಗ್ಗೆ ಎದ್ದು ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ, ಕೈತೊಳೆದು ಬಸ್ಸು ಹಿಡಿದು ಓದಿದ್ದೇನೆ. ದೇಹರಚನೆಯ ವಿಷಯದಲ್ಲಿ ಎರಡು ಸಲ ಫೇಲಾಗಿ ಮೂರನೇ ಸಲ ಪಾಸಾಗಿದ್ದೇನೆ. ಎಕ್ಸ್‌ರೇ, ಸ್ಕ್ಯಾನಿಂಗ್ ತೆಗೆಯುವ ಓದು ಅದು. ಊರಿನಲ್ಲಿ ಅಪ್ಪ ಅದನ್ನು ಹೇಳುತ್ತಿದ್ದ ರೀತಿಯೇ ಬೇರೆ: 'ನಮ್ ಹುಡ್ಗಿ ಚರ್ಮ ಕುಯ್ಯದೇನೇ ಒಳೀಕ್ ನೋಡ್ತಾಳೆ.'

ಓದು ಮುಗಿದು ಎರಡು ವರ್ಷಕ್ಕೆ ಬೆಂಗಳೂರಿನ ಒಬ್ಬ ಪ್ರೊಫೆಸರ್ ಮೇಡಂ ನನ್ನನ್ನು ತಮ್ಮ ಸಂಶೋಧನೆಗೆ ಒಂದು ವರ್ಷದ ಮಟ್ಟಿಗೆ ತೆಗೆದುಕೊಂಡರು. ಅವರು ಕೇಳಿಕೊಂಡಿದ್ದ ಪ್ರಶ್ನೆ ಸರಳ. ನಿಂತೂ ಕೂತೂ ದುಡಿಯುವ, ಐವತ್ತು ದಾಟಿದ ಹೆಂಗಸರು ಹನ್ನೆರಡು ವಾರ ಸರಿಯಾದ ವ್ಯಾಯಾಮ ಮಾಡಿದರೆ ಅವರ ತೊಡೆಯ ಸ್ನಾಯು ಬೆಳೆಯುತ್ತದೆಯೇ? ವ್ಯಾಯಾಮಕ್ಕೆ ಮೊದಲು ಒಂದು ಸಲ, ಮುಗಿದ ಮೇಲೆ ಒಂದು ಸಲ ಸ್ಕ್ಯಾನ್ ಮಾಡಿ ದಪ್ಪ ಅಳೆಯಬೇಕು. ಜಾಗ ರಾಮನಗರ, ಜನ ನೂಲು ಬಿಚ್ಚುವ ಘಟಕಗಳ ಹೆಂಗಸರು. ವ್ಯಾಯಾಮ ಮಾಡಿಸುವುದೂ ನಾನೇ, ಅಳೆಯುವುದೂ ನಾನೇ. 'ಇದನ್ನ ಚೆನ್ನಾಗಿ ಮಾಡು ಲಕ್ಷ್ಮಿ, ಮುಂದಿನ ಪ್ರಾಜೆಕ್ಟ್ ಮೂರು ವರ್ಷದ್ದು. ನಿನ್ನನ್ನ ಪಿಎಚ್‌ಡಿಗೆ ಸೇರಿಸಿಕೊಳ್ತೀನಿ' ಎಂದಿದ್ದರು. ಆ ಮಾತನ್ನು ನಾನು ಯಾರಿಗೂ ಹೇಳಬಾರದಿತ್ತು. ಅಪ್ಪನಿಗೆ ಹೇಳಿದೆ. ಅಪ್ಪ ಊರಿಗೆಲ್ಲ ಹೇಳಿದರು.

ಶಿವರಾತ್ರಿ ಮುಗಿದ ಮರುವಾರ ಕೆಲಸ ಶುರುವಾಯಿತು. ಆ ವರ್ಷ ಬಿಸಿಲು ಬೇಗ ಬಂದಿತ್ತು. ರಾಮನಗರದ ಬಂಡೆಗಳು ಹಗಲೆಲ್ಲ ಕಾದು ಸಂಜೆ ಹೊತ್ತಿಗೆ ಆ ಕಾವನ್ನೆಲ್ಲ ಊರಿನ ಮೇಲೆ ಬಿಡುತ್ತವೆ. ನಮಗೆ ಸಿಕ್ಕಿದ್ದು ನೂಲು ಬಿಚ್ಚುವ ಬೀದಿಯ ಹಿಂದಿದ್ದ ಶೀಟಿನ ಮಾಡಿನ ಶೆಡ್ಡು. ಒಂದು ಮೂಲೆಗೆ ಪರದೆ ಕಟ್ಟಿ, ಒಳಗೆ ಮಂಚ, ಸ್ಟೂಲಿನ ಮೇಲೆ ಸೂಟ್‌ಕೇಸಿನಷ್ಟಿದ್ದ ಸ್ಕ್ಯಾನಿಂಗ್ ಯಂತ್ರ. ಯಂತ್ರ ನನಗೆ ಹೊಸದು, ಅದಕ್ಕೆ ಮೊದಲ ವಾರ ಬೆಂಗಳೂರಿನಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಒಳ್ಳೆಯ ಹುಡುಗ. ಪರದೆಯ ಆಚೆಯೇ ನಿಂತು 'ಪ್ರೋಬ್ ನೇರ ಹಿಡೀರಿ, ಒತ್ತಬೇಡಿ, ಈಗ ಸೇವ್ ಮಾಡಿ' ಎಂದು ಹೇಳಿಕೊಡುತ್ತಿದ್ದರು. ಒಮ್ಮೆಯೂ ಒಳಗೆ ಇಣುಕಲಿಲ್ಲ. ಪರದೆಯ ಕೆಳಗೆ ಅವರ ಬೂಟು ಮಾತ್ರ ಕಾಣುತ್ತಿತ್ತು.

ಆ ವಾರ ಇಪ್ಪತ್ತನಾಲ್ಕು ಹೆಂಗಸರನ್ನು ಅಳೆದೆ. ಸೊಂಟದ ಮೂಳೆಗೂ ಮಂಡಿಚಿಪ್ಪಿಗೂ ನಡುವೆ ಟೇಪು ಹಿಡಿದು, ಮಧ್ಯಕ್ಕೆ ಪೆನ್ನಿನಲ್ಲಿ ಗುರುತು ಮಾಡಿ, ಜೆಲ್ ಹಚ್ಚಿ, ಯಂತ್ರಕ್ಕೆ ತಂತಿಯಲ್ಲಿ ಸೇರಿದ ಪ್ರೋಬನ್ನು ಅಲ್ಲಿ ಇಟ್ಟರೆ ಯಂತ್ರದ ಸ್ಕ್ರೀನಿನ ಮೇಲೆ ತೊಡೆ ಪದರಪದರವಾಗಿ ತೆರೆದುಕೊಳ್ಳುತ್ತದೆ. ಮೇಲೆ ಚರ್ಮ, ಕೊಬ್ಬು, ಆಮೇಲೆ ಕಪ್ಪಗೆ ಬಿಳಿ ಎಳೆಗಳಿರುವ ಸ್ನಾಯು, ತಳದಲ್ಲಿ ಮೂಳೆಯ ಬೆಳ್ಳನೆ ಗೆರೆ. ನಡುವಿನ ದಪ್ಪ ಬರೆದುಕೊಳ್ಳಬೇಕು. ಹಾಳೆಯಲ್ಲಿ ಇನ್ನೊಂದು ಕಾಲಂ ಇತ್ತು: 'ಸ್ನಾಯು ಸಡಿಲವಾಗಿದೆಯೇ?' ಅಲ್ಲಿ ಟಿಕ್ ಹಾಕಬೇಕು. ದಪ್ಪವನ್ನು ಆಗಿಂದಾಗ ಬರೆದೆ. ಟಿಕ್ಕುಗಳನ್ನು ಸಂಜೆ ಕೂತು ಮೇಲಿನಿಂದ ಕೆಳಗಿನವರೆಗೆ ಒಟ್ಟಿಗೆ ಹಾಕಿದೆ. ಮಲಗಿರುವವರ ಕಾಲು ಸಡಿಲವಾಗಿರದೆ ಇನ್ನೇನು ಎಂದು ಅಂದುಕೊಂಡಿದ್ದೆನೋ, ಏನೂ ಅಂದುಕೊಂಡೇ ಇರಲಿಲ್ಲವೋ, ಈಗ ನೆನಪಿಲ್ಲ.

ಇಪ್ಪತ್ತನಾಲ್ಕು ಜನರಲ್ಲಿ ಇಬ್ಬರ ಮಾತು ಹೇಳಲೇಬೇಕು. ಒಬ್ಬರು ಜೈಬುನ್ನಿಸಾ, ಎಲ್ಲರ ಬಾಯಲ್ಲೂ ಜೈಬುನ್ ಆಪಾ, ಅಂದರೆ ಅಕ್ಕ. ನಲವತ್ತು ವರ್ಷ ಬಿಸಿನೀರಿನ ತೊಟ್ಟಿಯ ಮುಂದೆ ನಿಂತು ಗೂಡಿನಿಂದ ಎಳೆ ಹಿಡಿದವರು. ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಇನ್ನೊಬ್ಬರು ಅವರ ಪಕ್ಕದ ತೊಟ್ಟಿಯ ಚಿಕ್ಕತಾಯಮ್ಮ, ಬಾಯಿ ಜೋರು. ವ್ಯಾಯಾಮಕ್ಕೆ ಯಾಕೆ ಬರುತ್ತೀರಿ ಎಂದು ಎಲ್ಲರನ್ನೂ ಕೇಳಿ ಬರೆದುಕೊಳ್ಳಬೇಕಿತ್ತು. ಚಿಕ್ಕತಾಯಮ್ಮ, 'ನೀನು ಕರ್ದೆ, ಬಂದೆ. ಇನ್ನೇನ್ ಬರ್ಕೊಂಡೀಯಾ' ಎಂದರು. ಆಪಾ ಹೇಳಿದರು:

'ನಮಾಜು ಕುರ್ಚಿ ಮೇಲೆ ಕೂತ್ಕೊಂಡು ಮಾಡ್ತೀನಿ ಬೇಟಾ. ನೆಲಕ್ಕೆ ಹಣೆ ಇಟ್ಟು ಎರಡು ವರ್ಷ ಆಯ್ತು. ಬಗ್ಗಿದ್ರೆ ಏಳೋಕಾಗಲ್ಲ, ಸೊಸೆ ಬಂದು ಎತ್ತಬೇಕು. ಈ ರಂಜಾನಿಗಾದ್ರೂ ನೆಲದ ಮೇಲೆ ಮಾಡಬೇಕು ಅಂತ ಆಸೆ.'

ಅದನ್ನು ಬರೆಯಲು ಫಾರಮ್ಮಿನಲ್ಲಿ ಜಾಗ ಸಾಲಲಿಲ್ಲ. 'ದೈನಂದಿನ ಚಟುವಟಿಕೆ' ಎಂದು ಬರೆದೆ.

ವಾರಕ್ಕೆ ಮೂರು ಸಂಜೆ ವ್ಯಾಯಾಮ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಕಣಕಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಕಾಲು ನೀಡುವುದು. ಎರಡು ವಾರಕ್ಕೊಮ್ಮೆ ಚೀಲಕ್ಕೆ ಮರಳು ಸೇರಿಸುವುದು. ಹಳೆಯ ಜೀನ್ಸ್ ಪ್ಯಾಂಟುಗಳನ್ನು ಕತ್ತರಿಸಿ ಅಷ್ಟೂ ಚೀಲ ಹೊಲಿದುಕೊಟ್ಟವರು ಆಪಾ. ನಾನು ಎಣಿಸುತ್ತಿದ್ದೆ, ಹೆಂಗಸರೆಲ್ಲ ಏಳುತ್ತಿದ್ದರು, ಕೂರುತ್ತಿದ್ದರು. ಶೀಟಿನ ಕೆಳಗೆ ಎಲ್ಲರ ಬೆವರೂ ಒಂದೇ ಆಗಿ, ಗೂಡಿನ ವಾಸನೆ ಶೆಡ್ಡಿನ ತುಂಬ ನಿಲ್ಲುತ್ತಿತ್ತು.

'ಕೂರ್ಸೋಕೆ ಏಳ್ಸೋಕೆ ಇಷ್ಟೊಂದು ಓದ್ಬೇಕಾಗಿತ್ತಾ ಡಾಕ್ಟ್ರವ್ವ?' ಎಂದು ಚಿಕ್ಕತಾಯಮ್ಮ ಕೇಳುತ್ತಿದ್ದರು. 'ನಮ್ಮತ್ತೆ ಓದ್ದೇನೇ ಮೂವತ್ ವರ್ಸ ನನ್ನ ಕೂರ್ಸಿ ಏಳ್ಸವ್ಳೆ.'

'ನಿಮ್ಮತ್ತೆ ಎಣಿಸ್ತಿರಲಿಲ್ಲ, ಈ ಹುಡುಗಿ ಎಣಿಸ್ತಾಳೆ. ಅದಕ್ಕೇ ಓದಿರೋದು' ಎನ್ನುತ್ತಿದ್ದರು ಆಪಾ.

ನಾನು ಡಾಕ್ಟರಲ್ಲ. ಅವರು ಡಾಕ್ಟ್ರವ್ವ ಎಂದಾಗ ತಿದ್ದಲಿಲ್ಲ. ಬಿಳಿ ಕೋಟು ಹಾಕಿಕೊಂಡು ಆ ಬೀದಿಯಲ್ಲಿ ನಡೆಯುವಾಗ ಜನ ದಾರಿ ಬಿಡುತ್ತಿದ್ದದ್ದು ಇಷ್ಟವಾಗುತ್ತಿತ್ತು. ಸಂಜೆ ಕನಕಪುರದ ಬಸ್ಸು, ಅಲ್ಲಿಂದ ಸಾತನೂರಿನ ಬಸ್ಸು, ನಿಂತುಕೊಂಡೇ ನಿದ್ದೆ. ಮನೆಗೆ ಹೋದರೆ ಹುಳಕ್ಕೆ ಸೊಪ್ಪು ಹಾಕುವ ಹೊತ್ತು. ಕೈಗೆ ಹತ್ತಿದ್ದೆಲ್ಲ ಹೋಗುವವರೆಗೆ ಸೋಪು ಹಾಕಿ ತೊಳೆಯದೆ ಅವ್ವ ನನ್ನನ್ನು ಹುಳುಮನೆಯ ಬಾಗಿಲು ದಾಟಲು ಬಿಡುತ್ತಿರಲಿಲ್ಲ. ಹುಳಕ್ಕೆ ಹೊರಗಿನ ವಾಸನೆ ಆಗದು.

ಮಧ್ಯದಲ್ಲಿ ರಂಜಾನ್ ಬಂತು. ಉಪವಾಸ ಇರುವವರು ಆ ತಿಂಗಳು ವ್ಯಾಯಾಮ ಬಿಟ್ಟುಬಿಡಿ ಎಂದು ಮೇಡಂ ಹೇಳಿ ಕಳಿಸಿದರು. ಆಪಾ ಮತ್ತು ಇನ್ನೂ ಎಂಟು ಜನ ಒಪ್ಪಲಿಲ್ಲ. ಹೊತ್ತು ಮುಳುಗಿದ ಮೇಲೆ ಉಪವಾಸ ಮುರಿದು, ನಮಾಜು ಮುಗಿಸಿ, ಕಾಲು ಗಂಟೆಯೊಳಗೆ ಬಂದು ಮರಳಿನ ಚೀಲ ಕಟ್ಟುತ್ತಿದ್ದರು. ಅವರಿಗಾಗಿ ನಾನು ಒಂದು ಬಸ್ಸು ಬಿಟ್ಟು ಇನ್ನೊಂದಕ್ಕೆ ಹೋಗಬೇಕಾಗುತ್ತಿತ್ತು. ಒಳಗೊಳಗೇ ಗೊಣಗುತ್ತಿದ್ದೆ. ಆದರೆ ಆಪಾ ಕೈಚೀಲದಲ್ಲಿ ನನಗಾಗಿ ಎರಡು ಖರ್ಜೂರ, ಒಂದು ಸಮೋಸ ಇಟ್ಟುಕೊಂಡು ಬರುತ್ತಿದ್ದರು. ತಿನ್ನುವವರೆಗೆ ಎದುರಿಗೇ ನಿಂತಿರುತ್ತಿದ್ದರು.

ಹಬ್ಬದ ಮಾರನೆಯ ದಿನ ಆಪಾ ಶೆಡ್ಡಿನ ಬಾಗಿಲಲ್ಲೇ ನನ್ನ ಮೊಣಕೈ ಹಿಡಿದುಕೊಂಡರು. ಕಣ್ಣು ಒದ್ದೆಯಾಗಿತ್ತು.

'ನಿನ್ನೆ ಚಾಪೆ ಮೇಲೆ ಮಾಡಿದೆ. ಸೊಸೆ ಹಿಂದೆ ನಿಂತಿದ್ಲು. ದೂರ ಹೋಗು ಅಂದೆ. ನಾನೇ ಎದ್ದೆ.'

ಹನ್ನೆರಡು ವಾರ ಮುಗಿದವು. ಕೊನೆಯ ಅಳತೆ ಶುರುವಾಯಿತು. ಈ ಸಲ ಎಂಜಿನಿಯರ್ ಇಲ್ಲ, ನನ್ನ ಕೈ ಪಳಗಿತ್ತು. ಮೊದಲ ದಿನ ಆರು ಜನರನ್ನು ಅಳೆದೆ, ಆಪಾ ಸೇರಿ. ಹಳೆಯ ಹಾಳೆಯ ಪಕ್ಕ ಹೊಸದನ್ನು ಇಟ್ಟು ನೋಡಿದರೆ, ಒಬ್ಬರದೂ ಹೆಚ್ಚಿಲ್ಲ. ಆಪಾದ್ದು ರಾಗಿಕಾಳಿನಷ್ಟು ಕಡಿಮೆಯೇ ಆಗಿತ್ತು. ರಾಗಿಕಾಳು ಸಣ್ಣದು ಅನ್ನಿಸಬಹುದು. ಈ ಕೆಲಸದಲ್ಲಿ ಗೆದ್ದೆವೋ ಸೋತೆವೋ ಎಂದು ಹೇಳುವುದೇ ಆ ರಾಗಿಕಾಳು. ಜೆಲ್ ಕಡಿಮೆಯಾಯಿತೇನೋ ಎಂದು ಮತ್ತೆ ಹಚ್ಚಿದೆ. ಗುರುತು ಮತ್ತೆ ಅಳೆದೆ. ಯಂತ್ರ ಆರಿಸಿ ಹೊತ್ತಿಸಿದೆ. ಅದೇ ಬಂತು. ಮೇಡಂಗೆ ಫೋನ್ ಮಾಡಿದೆ.

'ಅದರಲ್ಲಿ ಎಷ್ಟು ಜನ ಉಪವಾಸ ಇದ್ದರು?' ಎಂದರು.

'ನಾಲ್ಕು ಜನ ಮೇಡಂ.'

'ಹಾಗಿದ್ರೆ ಅದೇ ಇರಬೇಕು. ಒಂದು ತಿಂಗಳು ಹಗಲೂಟ ಇಲ್ಲ, ಈ ಬಿಸಿಲು ಬೇರೆ. ಸ್ನಾಯು ಕರಗಿರುತ್ತೆ. ಉಳಿದವರನ್ನೂ ಅಳೆದು ಕಳಿಸು, ಕಾರಣದಲ್ಲಿ ಅದನ್ನ ಬರೆಯೋಣ.' ಆಮೇಲೆ, 'ಫಲಿತಾಂಶ ಹೀಗೇ ಬಂದರೆ ಆ ಶೆಡ್ಡಿನ ವ್ಯಾಯಾಮ ಮುಂದುವರಿಸೋಕೆ ಯಾರೂ ಒಪ್ಪಲ್ಲ. ನಿನ್ನ ಕೆಲಸದಲ್ಲಿ ತಪ್ಪಿಲ್ಲ, ಬಿಡು' ಎಂದರು.

ನಿಜ ಹೇಳುತ್ತೇನೆ, ಆ ಕೊನೆಯ ಮಾತಿಗೆ ನನಗೆ ಸಮಾಧಾನವಾಯಿತು.

ಫೋನಿಟ್ಟು ತಿರುಗಿದರೆ ಆಪಾ ಇನ್ನೂ ಹೋಗಿರಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಾ ಎಲ್ಲ ಕೇಳಿಸಿಕೊಂಡಿದ್ದರು.

'ನನ್ ರೋಜಾದಿಂದ, ಉಪವಾಸದಿಂದ ಕೆಟ್ಟೋಯ್ತಾ ಬೇಟಾ?'

'ಹಾಗೇನಿಲ್ಲ ಆಪಾ.'

'ಇಲ್ಲ, ಇಲ್ಲ, ಹೇಳು. ಇಷ್ಟು ಜನದ ಕೆಲಸ ನನ್ನಿಂದ ಕೆಡಬಾರದು. ಅವರು ಬಿಡಿ ಅಂದಾಗ ನಾನೇ ಹಟ ಮಾಡಿದ್ದು.' ಒಂದು ಚಪ್ಪಲಿ ಹಾಕಿಕೊಂಡು ಇನ್ನೊಂದನ್ನು ಮರೆತು ನಿಂತೇ ಇದ್ದರು. 'ಆದ್ರೆ ನಾನು ಎದ್ದೆನಲ್ಲ. ಎದ್ದಿದ್ದು ಯಾವ್ದರಿಂದ ಹಾಗಾದ್ರೆ?'

ಬಗ್ಗಿ ಆ ಚಪ್ಪಲಿಯನ್ನು ಅವರ ಕಾಲ ಬಳಿಗೆ ಸರಿಸಿದೆ. ಬಸ್ಸಿನಲ್ಲಿ ಅದೇ ಮಾತು ತಲೆಯಲ್ಲಿ ಸುತ್ತಿತು.

ಮಾರನೆಯ ದಿನ ಚಿಕ್ಕತಾಯಮ್ಮನ ಸರದಿ. ಅವರು ಉಪವಾಸ ಮಾಡಿದವರಲ್ಲ. ಮುದ್ದೆ, ಸೊಪ್ಪಿನ ಸಾರು, ವಾರಕ್ಕೊಮ್ಮೆ ಕೋಳಿ, ಏನೂ ಬಿಟ್ಟವರಲ್ಲ. ಮಂಚದ ಮೇಲೆ ಮಲಗಿ, ಸೀರೆ ಮೇಲಕ್ಕೆ ಸರಿಸಿಕೊಂಡು, ತಮ್ಮ ಮೊಮ್ಮಗಳ ಶಾಲೆಯ ಜಗಳ ಹೇಳುತ್ತಿದ್ದರು. ಅಳೆದೆ. ಅವರದೂ ಕಡಿಮೆ. ಇನ್ನೊಮ್ಮೆ ನೋಡೋಣವೆಂದು ಪ್ರೋಬ್ ಇಟ್ಟುಕೊಂಡೇ ಇದ್ದೆ. ಅಷ್ಟರಲ್ಲಿ ಶೆಡ್ಡು ನೋಡಿಕೊಳ್ಳುವ ರಂಗಪ್ಪ ಕೆಮ್ಮುತ್ತಾ ಬಂದು ಪರದೆಯ ಆಚೆ ನಿಂತ.

'ಫ್ಯಾನ್ ಸುತ್ತುತೈತಾ ಮೇಡಂ?'

ಪರದೆಯ ಕೆಳಗೆ ಅವನ ಚಪ್ಪಲಿ ಕಂಡಿತು. ನಾನು ಯಂತ್ರದ ಮೇಲೇ ಕಣ್ಣಿಟ್ಟಿದ್ದೆ. ನನ್ನ ಕಣ್ಣೆದುರಿಗೇ ಚಿಕ್ಕತಾಯಮ್ಮನ ಸ್ನಾಯು ಉಬ್ಬಿತು. ಎಳೆಗಳು ಓರೆಯಾದವು. ಒಂದಲ್ಲ, ಮೂರು ರಾಗಿಕಾಳಿನಷ್ಟು ದಪ್ಪವಾಯಿತು. ನನ್ನ ಕೈ ಅಲುಗಿರಲಿಲ್ಲ. ಸುತ್ತುತೈತೆ ಹೋಗು ಎಂದೆ. ಚಪ್ಪಲಿ ಸರಿಯಿತು. ಸ್ನಾಯು ನಿಧಾನವಾಗಿ ಇಳಿದು ಮೊದಲಿನಷ್ಟಾಯಿತು.

'ಕಾಲು ಬಿಗಿ ಹಿಡಿದ್ರಾ ಚಿಕ್ಕತಾಯಮ್ಮ?'

'ಹಿಡೀದೆ ಇರ್ತಾರಾ? ಸೀರೆ ಮ್ಯಾಲಿದ್ದಾಗ ಗಂಡುಸ್ರು ಬಂದು ನಿಂತ್ರೆ?' ಆಮೇಲೆ ನಕ್ಕರು. 'ಇದೇನ್ ಮಹಾ. ಮೊದುಲ್ ವಾರ ಆ ಬೂಟಿನಪ್ಪ ನಿಂತಿದ್ನಲ್ಲ, ಅವತ್ತು ನಾನ್ ಉಸ್ರೇ ಬುಟ್ಟಿರ್ಲಿಲ್ಲ. ಮನೇಗೋಗಿ ಕಾಲ್ ಹಿಡ್ಕಂಡು ಕುಂತಿದ್ದೆ. ಜೈಬುನ್ನೂ ಅಂಗೇ, ಎಲ್ಲಾರೂ ಅಂಗೇಯ. ಮಾತಾಡ್ಕಂಡು ನಗಾಡ್ತಿದ್ವಿ.'

'ನನಗ್ಯಾಕೆ ಹೇಳಲಿಲ್ಲ?'

'ನೀನು ಕೋಟು ಹಾಕ್ಕಂಡು ಸೆಟ್ಕಂಡಿದ್ದೆ ಕಣವ್ವ. ನಿಂಗೆಂಗೆ ಹೇಳಾದು.'

ಅವರನ್ನು ಕಳಿಸಿ, ಮೊದಲ ವಾರದ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿದೆ. ಹನ್ನೆರಡು ವಾರದ ಹಿಂದೆ ಅವು ಅರ್ಥವಾಗುವಷ್ಟು ಕಣ್ಣು ಪಳಗಿರಲಿಲ್ಲ. ಈಗ ಕಾಣುತ್ತಿತ್ತು. ಬಹುತೇಕ ಎಲ್ಲರ ಎಳೆಗಳೂ ಓರೆ. ಎಲ್ಲರೂ ಬಿಗಿಹಿಡಿದುಕೊಂಡು ಮಲಗಿದ್ದರು, ಅದಕ್ಕೇ ಮೊದಲ ಅಳತೆ ಇದ್ದದ್ದಕ್ಕಿಂತ ದಪ್ಪ ಬಂದಿತ್ತು. ನಾನು ಅಳೆದದ್ದು ಅವರ ಸ್ನಾಯುವನ್ನಲ್ಲ, ನಾಚಿಕೆಯನ್ನು. ಅದು ಎಷ್ಟು ದಪ್ಪವಿತ್ತೆಂದರೆ ಹನ್ನೆರಡು ವಾರದ ಬೆವರಿಗೆ ಅದನ್ನು ದಾಟಲಾಗಲಿಲ್ಲ. ಪಕ್ಕದಲ್ಲಿ ಹಾಳೆ. 'ಸ್ನಾಯು ಸಡಿಲವಾಗಿದೆಯೇ?' ಮೇಲಿನಿಂದ ಕೆಳಗಿನವರೆಗೆ ನನ್ನದೇ ಟಿಕ್ಕು, ಇಪ್ಪತ್ತನಾಲ್ಕು.

ಅವತ್ತು ಮನೆಗೆ ಹೋದಾಗ ಅವ್ವ ಅಂಗಳದಲ್ಲಿ ಸೊಪ್ಪು ಹೆಚ್ಚುತ್ತಿದ್ದಳು.

'ಯಾಕಮ್ಮಿ, ಮಖ ಇಂಗೈತೆ?'

ಹೇಳಿದೆ. ಯಂತ್ರದ ಮಾತು ಅವಳಿಗೆ ಎಷ್ಟು ತಿಳಿಯಿತೋ. ಕೈ ನಿಲ್ಲಿಸದೆ ಕೇಳಿಸಿಕೊಂಡು, 'ನಿನ್ನ ಹೆರಾಕೆ ಹೋದಾಗ ಗಂಡು ಡಾಕ್ಟ್ರು ನೋಡ್ದ. ನಾನೂ ಮರದ ತುಂಡಿನಂಗೆ ಮಲಗಿದ್ದೆ. ಎಲ್ಲಾ ಹೆಂಗುಸ್ರೂ ಅಷ್ಟೇಯ. ಅದು ನಿಂಗೆ ಗೊತ್ತಾಗ್ನಿಲ್ವಾ?' ಎಂದಳು.

ಬೈಗುಳವಾಗಿರಲಿಲ್ಲ ಅದು, ಬರೀ ಆಶ್ಚರ್ಯ. ಅದಕ್ಕೇ ಜಾಸ್ತಿ ನೋವಾಯಿತು. ಬೆಂಗಳೂರಿನ ಎಂಜಿನಿಯರಿಗೆ ಗೊತ್ತಾಗದಿದ್ದರೆ ಸರಿ. ಮೇಡಂಗೂ ಗೊತ್ತಾಗಬೇಕಿಲ್ಲ, ಅವರು ಅಲ್ಲಿರಲಿಲ್ಲ. ನಾನು ಇದೇ ಅಂಗಳದವಳು. ಮೊದಲ ವರ್ಷ ಕಾಲೇಜಿನಲ್ಲಿ ಹುಡುಗರೆದುರು ನನ್ನ ಕಾಲನ್ನೇ ಮಾದರಿಯಾಗಿ ಇಡಿಸಿದಾಗ ಹೇಗೆ ಕೂತಿದ್ದೆ ಎಂದು ನನಗೆ ನೆನಪಿತ್ತು. ಕಷ್ಟಪಟ್ಟು ಓದಿದ್ದೆ, ಹೌದು. ಓದಿದ ಮೇಲೆ ಗೊತ್ತಿದ್ದ ಒಂದನ್ನು ಮರೆತಿದ್ದೆ.

ಸುಮ್ಮನಿರಬಹುದಿತ್ತು. ಉಪವಾಸ ಎಂದು ಬರೆದರೆ ಯಾರೂ ಕೇಳುತ್ತಿರಲಿಲ್ಲ, ಪಿಎಚ್‌ಡಿ ಉಳಿಯುತ್ತಿತ್ತು. ಆಪಾ ತಾನು ಹಟ ಮಾಡಿದ್ದರಿಂದ ಎಲ್ಲ ಕೆಟ್ಟಿತೆಂದು ನಂಬಿಕೊಂಡು, ನಂಬಿಕೊಂಡೇ ಇರುತ್ತಿದ್ದರು. ಎರಡು ದಿನ ಸುಮ್ಮನಿದ್ದೆ ಕೂಡ. ಉಳಿದವರನ್ನು ಅಳೆದೆ. ಮೂರನೆಯ ದಿನ ಆಪಾ ಮರಳಿನ ಚೀಲಗಳನ್ನೆಲ್ಲ ಬಿಚ್ಚಿ, ಮರಳು ಸುರಿದು, ಒಗೆದು, ಮಡಿಸಿ ತಂದುಕೊಟ್ಟರು. 'ಇನ್ನ ಬೇಕಾಗಲ್ಲ ಅಲ್ವಾ' ಎಂದರು. ಅವರು ಹೋದ ಮೇಲೆ ಫೋನ್ ಮಾಡಿದೆ.

ಎಲ್ಲ ಕೇಳಿಸಿಕೊಂಡ ಮೇಡಂ 'ಟಿಕ್ ಹಾಕಿದ್ದೀಯಲ್ಲ?' ಎಂದು ಒಂದೇ ಕೇಳಿದರು.

'ನೋಡದೆ ಹಾಕಿದ್ದೆ ಮೇಡಂ.'

ಎಲ್ಲ ಚಿತ್ರಗಳನ್ನೂ ಹಿಡಿದುಕೊಂಡು ಬೆಂಗಳೂರಿಗೆ ಹೋದೆ. ಒಂದು ಮಧ್ಯಾಹ್ನ ಪೂರ್ತಿ ಇಬ್ಬರೂ ಕೂತು ನೋಡಿದೆವು. ಹೊರಗೆ ಆ ವರ್ಷದ ಮೊದಲ ಮಳೆ ಬಂದು ನಿಂತಿತು, ನಾವು ಎದ್ದು ಕಿಟಕಿ ಹಾಕಲೂ ಇಲ್ಲ. ಕೊನೆಗೆ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. 'ನೀನು ಹೇಳದಿದ್ದರೆ ನನಗೆ ಗೊತ್ತಾಗ್ತಿರಲಿಲ್ಲ. ಥ್ಯಾಂಕ್ಸ್. ಆದರೆ ಇದನ್ನ ನಾನು ಎಲ್ಲೂ ಬಳಸೋ ಹಾಗಿಲ್ಲ' ಎಂದರು. ಉಪವಾಸದ ಮಾತು ವರದಿಗೆ ಬರಲಿಲ್ಲ. ಮೊದಲ ಅಳತೆ ನಂಬುವಂತಿಲ್ಲ ಎಂಬ ಒಂದು ಸಾಲು ಬಂತು. ಶೆಡ್ಡಿನ ಬೀಗದಕೈ ರಂಗಪ್ಪನಿಗೆ ವಾಪಸು ಹೋಯಿತು. ಮೂರು ವರ್ಷದ ಪ್ರಾಜೆಕ್ಟು ಬೇರೆ ಊರಿನಲ್ಲಿ ಶುರುವಾಯಿತು, ಬೇರೆ ಹುಡುಗಿಯೊಂದಿಗೆ. ಅವಳಿಗೆ ಕೊಟ್ಟ ಸೂಚನೆಗಳ ಹಾಳೆಯಲ್ಲಿ ಪರದೆಯ ಆಚೆ ಗಂಡಸರು ನಿಲ್ಲಬಾರದು, ಅಳೆಯುವ ಮೊದಲು ಕಾಲು ಸಡಿಲವಾಗುವವರೆಗೆ ಕಾಯಬೇಕು ಎಂದು ಸೇರಿಸಿದ್ದಾರೆಂದು ಆಮೇಲೆ ಕೇಳಿದೆ. ಅಷ್ಟು ನನ್ನದು.

ಬೆಂಗಳೂರಿಗೆ ಹೋದ ಆ ದಿನವೇ ಬಸ್ಸಿನಲ್ಲಿ ಬರುವಾಗ ರಾಮನಗರದಲ್ಲಿ ಇಳಿದು ಆಪಾಗೆ ಹೇಳಿಬಂದೆ. ತಪ್ಪು ನನ್ನದು, ನಿಮ್ಮ ರೋಜಾದ್ದಲ್ಲ. ಅವರು ತೊಟ್ಟಿಯ ಮುಂದಿದ್ದರು. ಆವಿಯಲ್ಲಿ ಮುಖ ಸರಿಯಾಗಿ ಕಾಣಲಿಲ್ಲ. 'ಹೌದಾ' ಎಂದಷ್ಟೇ ಹೇಳಿ ಎಳೆ ಹಿಡಿಯುತ್ತಲೇ ಇದ್ದರು. ಊರಲ್ಲಿ ಪಿಎಚ್‌ಡಿ ಏನಾಯಿತು ಎಂದು ಕೇಳಿದವರಿಗೆ ಅಪ್ಪ ಒಂದು ವರ್ಷ 'ಆಗ್ತಾ ಐತೆ' ಎಂದರು. ಆಮೇಲೆ ಜನ ಕೇಳುವುದನ್ನು ಬಿಟ್ಟರು.

ನಾನೀಗ ಕನಕಪುರದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುತ್ತೇನೆ. ದಿನವಿಡೀ 'ಉಸಿರು ಹಿಡೀರಿ, ಬಿಡಿ' ಎನ್ನುವುದೇ ಕೆಲಸ. ಸಂಬಳ ತಪ್ಪುವುದಿಲ್ಲ. ಸುಸ್ತು ಕೂಡ.

ಹೋದ ತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ, ಮಾಗಡಿ ಬಸ್ಸು ಬರುವುದಕ್ಕೆ ಇನ್ನೂ ಸಮಯವಿದೆ ಎಂದರು. ವಾಸನೆ ಹಿಡಿದು ಆ ಬೀದಿಗೆ ನಡೆದೆ. ಚಿಕ್ಕತಾಯಮ್ಮ ಕೆಲಸ ಬಿಟ್ಟು ಮಗಳ ಮನೆಗೆ ಹೋಗಿದ್ದಾರೆ. ಆಪಾ ಘಟಕದ ಬಾಗಿಲಲ್ಲಿ ಗೋಣಿಚೀಲದ ಮೇಲೆ ಕೂತು ನೂಲಿಗೆ ಬಾರದ ಕಸದ ಗೂಡು ಆರಿಸುತ್ತಿದ್ದರು. ನನ್ನನ್ನು ಕಂಡು, ಕೈ ಎಲ್ಲೂ ಊರದೆ, ನೆಲದಿಂದ ನೇರ ಎದ್ದು ನಿಂತರು. ಗೋಡೆಯ ಮೊಳೆಗೆ ಎರಡು ಜೀನ್ಸ್ ಚೀಲ ತೂಗುಬಿದ್ದಿದ್ದವು, ಮರಳು ತುಂಬಿದ್ದವು.

'ಇನ್ನೂ ಮಾಡ್ತೀರಾ ಆಪಾ?'

'ಮಾಡದೆ? ನಾವು ಐದು ಜನ ಮಾಡ್ತೀವಿ. ಎಣಿಸೋಕೆ ನನ್ ಸೊಸೆ. ಹತ್ತು ಅಂತ ಹೇಳಿ ಎಂಟಕ್ಕೇ ನಿಲ್ಲಿಸ್ತಾಳೆ, ಕಳ್ಳಿ.' ನನ್ನ ಕೈಚೀಲ ನೋಡಿದರು. 'ಮಿಷನ್ ತಂದಿಲ್ವಾ?'

'ಇಲ್ಲ ಆಪಾ. ಆ ಕೆಲಸ ಈಗ ಇಲ್ಲ.'

'ಕೈ ಐತಲ್ಲ, ನೋಡು.' ಮತ್ತೆ ಗೋಣಿಚೀಲದ ಮೇಲೆ ಕೂತು, ಕಾಲು ನೀಡಿ, ನನ್ನ ಅಂಗೈ ಹಿಡಿದು ಸೀರೆಯ ಮೇಲಿನಿಂದಲೇ ತೊಡೆಯ ಮೇಲೆ ಇಟ್ಟುಕೊಂಡರು. ಗಟ್ಟಿಯಾಗಿತ್ತು. ಬೀದಿಯಲ್ಲಿ ಸ್ಕೂಟರುಗಳು, ಗಂಡಸರು ಓಡಾಡುತ್ತಿದ್ದರು. ನಾನು ಕಾದೆ. ಸೊಸೆಯ ಬಗ್ಗೆ ಕೇಳಿದೆ, ಗೂಡಿನ ಬಗ್ಗೆ ಕೇಳಿದೆ. ಇನ್ನೂ ಗಟ್ಟಿಯಾಗಿಯೇ ಇತ್ತು.

'ಸಡಿಲ ಬಿಡಿ ಆಪಾ.'

'ಬಿಟ್ಟೇ ಇದೀನಿ ಬೇಟಾ' ಎಂದರು. 'ಅದು ಇರೋದೇ ಇಷ್ಟು ಗಟ್ಟಿ.'